ಬಿಗಿದೇ ಉಳಿದ ಲಾಕ್

ಸುದ್ದಿ ಬಂದಾಗ ದೊಡ್ಡ ಮೇಸ್ತ್ರಿ, ಲೋಹ ಕೊರೆಯುವ ಮಿಲ್ಲಿಂಗ್ ಮಷೀನಿನ ಟೇಬಲ್ ಒರೆಸುತ್ತಿದ್ದರು. ಬೆಳಗಿನ ಎಂಟು ಗಂಟೆ. ಫೋನಿನಲ್ಲಿ ತಮ್ಮನ ಹೆಂಡತಿ, "ಭಾವ, ಇವರು ಏಳ್ತಾ ಇಲ್ಲ. ಮೈ ತಣ್ಣಗಿದೆ," ಎಂದಳು. ಎಣ್ಣೆಗೈಯಲ್ಲೇ ಓಡಿದರು. ಡಾಕ್ಟರು ನಾಡಿ ನೋಡಿ, ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು. ಒಂಬತ್ತು ವರ್ಷ ಚಿಕ್ಕವನು ತಮಗಿಂತ ಮೊದಲು ಹೊರಟುಬಿಟ್ಟಿದ್ದ. ಮನೆಯಲ್ಲಿ ಎಲ್ಲರೂ ಅತ್ತರು. ದೊಡ್ಡ ಮೇಸ್ತ್ರಿಗೆ ಅಳು ಬರಲಿಲ್ಲ. ಎರಡು ತಿಂಗಳಿನಿಂದ ಗಂಟಲಲ್ಲಿ ಕೂತಿದ್ದ ಒಂದು ಮಾತು ಅಳುವಿಗೂ ದಾರಿ ಬಿಡಲಿಲ್ಲ.

ವರ್ಕ್‌ಶಾಪು ಅಣ್ಣತಮ್ಮ ಇಬ್ಬರದೇ. ಆ ಮಷೀನಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ದೊಡ್ಡ ಮೇಸ್ತ್ರಿಯ ಬಲಭುಜ ಸವೆದಿತ್ತು. ಅಂಗಿ ತೊಡಲೂ ಕೈ ಮೇಲೇಳುತ್ತಿರಲಿಲ್ಲ. ಅದನ್ನು ನೋಡಲಾರದೆ ತಮ್ಮ, ಮಷೀನಿಗೆ ಮೋಟರ್ ಕೂರಿಸಿ ಸಿಎನ್‌ಸಿ ಮಾಡುತ್ತೇನೆಂದ. ಕಂಪ್ಯೂಟರಿಗೆ ಅಳತೆ ಕೊಟ್ಟರೆ ಸಾಕು, ಟೇಬಲ್ ತಾನೇ ಓಡಾಡುತ್ತದೆ.

"ಅಂದ್ರೆ ನನ್ನ ಕೈ ಕಿತ್ತು ಮೂಲೆಗಿಡ್ತೀಯ."

"ನಿನ್ನ ಕೈಗೆ ರಜಾ ಕೊಡ್ತಿದೀನಿ ಅಣ್ಣ, ಡಿಸ್‌ಮಿಸ್ ಮಾಡ್ತಿಲ್ಲ."

ಕೊಟ್ಟ ಮಾತಿಗೆ ತಮ್ಮ ತಪ್ಪಲಿಲ್ಲ. ಹ್ಯಾಂಡಲ್‌ಗಳನ್ನು ತೆಗೆಯದೆ, ಬೇಡದಾಗ ಮಡಿಚಿಡುವಂತೆ ಮಾಡಿ, ಒಂದೊಂದರ ಬುಡದಲ್ಲೂ ಗುಂಡಿಯಂಥ ಒಂದು ಗುಬುಟು ಕೂರಿಸಿದ. ಒತ್ತಿದರೆ ಮೋಟರ್ ಹಿಡಿಯುತ್ತಿತ್ತು. ಎಳೆದರೆ ಮೋಟರ್ ಬಿಟ್ಟು, ಮಷೀನ್ ಮೊದಲಿನಂತೆ ಕೈಯ ಮಾತು ಕೇಳುತ್ತಿತ್ತು. ಆ ಗುಬುಟುಗಳಿಗಾಗಿಯೇ ಮೂರು ವಾರ ಹೆಣಗಿದ್ದ.

ಕೈಯಿಂದ ಮಷೀನ್ ನಡೆಸುವವರಿಗೆ ಒಂದು ರೂಢಿಯುಂಟು. ಟೇಬಲ್ ಬೇಕಾದ ಜಾಗಕ್ಕೆ ಬಂದೊಡನೆ, ಅಲುಗದಿರಲೆಂದು ಅದರ ಕೆಳಗಿನ ಲಾಕ್ ಬಿಗಿಯುತ್ತಾರೆ. ನಲವತ್ತು ವರ್ಷ ಬಿಗಿದ ಬೆರಳಿಗೆ ಅದರ ಅರಿವೂ ಇರುವುದಿಲ್ಲ. ಒಂದು ದಿನ ದೊಡ್ಡ ಮೇಸ್ತ್ರಿ ಕೈಯಲ್ಲೇ ಒಂದು ಸಣ್ಣ ಕೆಲಸ ಮುಗಿಸಿ, ಲಾಕ್ ಬಿಗಿದದ್ದು ಬಿಗಿದಂತೆಯೇ ಮಷೀನನ್ನು ತಮ್ಮನಿಗೆ ಬಿಟ್ಟರು. ಅವನು ಪಂಪ್ ಕಾರ್ಖಾನೆಯ ಪ್ಲೇಟುಗಳಿಗೆ ತೂತು ಕೊರೆಯಲು ಹಚ್ಚಿದ. ಬಿಗಿದ ಟೇಬಲನ್ನು ಎಳೆಯಲಾರದೆ ಮೋಟರ್ ತಿಣುಕಿ ಆಗಾಗ ಹೆಜ್ಜೆ ತಪ್ಪಿತು. ಕಂಪ್ಯೂಟರಿಗೆ ಅದು ತಿಳಿಯಲಿಲ್ಲ. ಸಂಜೆ ಅಳೆದು ನೋಡಿದರೆ ಮೂವತ್ತೆರಡೂ ಪ್ಲೇಟುಗಳ ತೂತುಗಳು ಜಾಗ ಬಿಟ್ಟಿದ್ದವು.

ತಲೆಯ ಮೇಲೆ ಕೈಹೊತ್ತು ಕುಳಿತ ತಮ್ಮ. ಟೇಬಲ್ ಒರೆಸಹೋದ ದೊಡ್ಡ ಮೇಸ್ತ್ರಿಯ ಬೆರಳಿಗೆ ಲಾಕ್ ತಗುಲಿತು. ಬಿಗಿಯಾಗಿತ್ತು. ತಾವೇ ಬಿಗಿದದ್ದು. ಒರೆಸುವ ಬಟ್ಟೆಯ ಮರೆಯಲ್ಲಿ ಅದನ್ನು ಮೆಲ್ಲಗೆ ಸಡಿಲಿಸಿದರು.

ಮರುದಿನ ಕಾರ್ಖಾನೆಯವರು ಬಂದು ಕೂಗಾಡಿದಾಗ ಅವರೆದುರಿಗೇ ದೊಡ್ಡ ಮೇಸ್ತ್ರಿ, "ಕೈಗೆ ಕಣ್ಣಿರುತ್ತೆ. ನಿನ್ನ ಮೋಟರಿಗೆ ಏನಿದೆ? ಬಡ್ಕೊಂಡೆ, ಕೇಳಿದ್ಯಾ?" ಎಂದುಬಿಟ್ಟರು.

ತಮ್ಮ, ಅಣ್ಣನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. "ತಪ್ಪು ನಂದೇ," ಎಂದ.

ದೇವರಿಗೆ ಕೈಮುಗಿಯದೆ ಮಷೀನ್ ಮುಟ್ಟುವ ಮನುಷ್ಯರಲ್ಲ ದೊಡ್ಡ ಮೇಸ್ತ್ರಿ. ಅಂದಿನಿಂದ ಕೈಮುಗಿಯುವುದಕ್ಕೂ ನಾಚಿಕೆಯಾಗತೊಡಗಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವುದರಲ್ಲಿ ಎರಡು ತಿಂಗಳು ಕಳೆದುಹೋದವು. ಕೇಳಬೇಕಾದವನೂ ಹೋಗಿಬಿಟ್ಟ.

ಸಾವಿನ ಮೂರನೆಯ ವಾರ ತಮ್ಮನ ಹೆಂಡತಿ ವರ್ಕ್‌ಶಾಪಿಗೆ ಬಂದಳು.

"ಆ ಮೋಟರುಗಳನ್ನ ಕಿತ್ತು ಹಾಕಿ ಭಾವ. ನಿಮಗೂ ಇಷ್ಟ ಇರ್ಲಿಲ್ಲ. ಅದರಿಂದ ಇವರಿಗೆ ಬಂದದ್ದು ಕೆಟ್ಟ ಹೆಸರೊಂದೇ. ಕಣ್ಮುಂದೆ ಇರೋದು ಬೇಡ."

ಹೂಂ ಎಂದರೆ ಮುಗಿಯಿತು. ಗುಟ್ಟೂ ಮೋಟರುಗಳ ಜೊತೆಗೇ ಗುಜರಿ ಸೇರುತ್ತಿತ್ತು. ದೊಡ್ಡ ಮೇಸ್ತ್ರಿ ಹೂಂ ಎಂದೇಬಿಟ್ಟರು. ಸ್ಕ್ರೂಡ್ರೈವರ್ ಹಿಡಿದು ಕಂಟ್ರೋಲ್ ಪೆಟ್ಟಿಗೆಯ ಬಾಗಿಲು ತೆರೆದರು. ಒಳಮೈಗೆ ತಮ್ಮ ತನಗಾಗಿ ಬರೆದುಕೊಂಡ ಒಂದು ಚೀಟಿ ಅಂಟಿಸಿದ್ದ. ತೂತು ಕೆಟ್ಟ ಸಂಜೆಯದೇ ತಾರೀಕು.

"ಚಾಲೂ ಮಾಡುವ ಮುನ್ನ ಹ್ಯಾಂಡಲ್ ಮಡಿಚಿದೆಯೇ ನೋಡು. ಟೇಬಲ್ ಲಾಕ್ ಸಡಿಲವಿದೆಯೇ, ಕೈಯಿಟ್ಟು ನೋಡು. ಅಣ್ಣನಿಗೆ ಬಿಗಿಯುವ ರೂಢಿ. ಅವನನ್ನು ಕೇಳಬೇಡ, ನೊಂದುಕೊಳ್ಳುತ್ತಾನೆ."

ಬಟ್ಟೆಯ ಮರೆಯಲ್ಲಿ ಮಾಡಿದ್ದು ತಮ್ಮನ ಕಣ್ಣಿಗೆ ಮರೆಯಾಗಿರಲಿಲ್ಲ. ಗೊತ್ತಿದ್ದೂ ಮರುದಿನ ಎಲ್ಲರೆದುರು ತಲೆ ತಗ್ಗಿಸಿದ್ದ. ದೊಡ್ಡ ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಇದನ್ನ ಓದು ತಾಯಿ," ಎಂದರು. "ಲಾಕ್ ಬಿಗಿದವನು ನಾನು. ಬಿಗಿದದ್ದು ಮರೆತು. ಮುಚ್ಚಿಟ್ಟದ್ದು ಮರೆತಲ್ಲ."

ಅವಳು ಎರಡು ಸಲ ಓದಿದಳು.

"ಒಂದು ಮಾತು ಹೇಳಿದ್ರೆ ಇವರು ನಕ್ಕುಬಿಡ್ತಿದ್ರು ಭಾವ."

ಅವಳು ಬೈದಿದ್ದರೆ ದೊಡ್ಡ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೋಟರು ಇರ್ಲಿ," ಎಂದಳು ಬಾಗಿಲಲ್ಲಿ ನಿಂತು. "ಕಾರ್ಖಾನೆಯವರಿಗೆ ನೀವೇ ಹೇಳ್ಬೇಕು."

ಅವಳ ಎದುರಿಗೇ ಫೋನ್ ಮಾಡಿ ಹೇಳಿದರು. ಆ ಕಡೆಯವರು ಏನೆಂದರೋ, ದೊಡ್ಡ ಮೇಸ್ತ್ರಿ ಕೆಂಪಾದ ಮುಖ ಎತ್ತದೆ, "ಹೌದು, ಹೌದು," ಎಂದದ್ದಷ್ಟೇ ಅವಳಿಗೆ ಕೇಳಿಸಿತು.

ಅವಳು ಹೋದ ಮೇಲೆ ದೊಡ್ಡ ಮೇಸ್ತ್ರಿ ಲಾಕಿನ ಮೇಲೆ ಕೈಯಿಟ್ಟು ನೋಡಿದರು. ರೂಢಿಯಂತೆ ಬಿಗಿದೇ ಇತ್ತು. ಸಡಿಲಿಸಿದರು. ಹ್ಯಾಂಡಲ್ ಮಡಿಚಿ ಕೈಮುಗಿದರು. ಆಗ ಅಳು ಬಂತು.

"ಭಗವಂತ, ನನ್ನ ತಪ್ಪನ್ನ ತಿಳಿದೂ ತಾನು ಹೊತ್ತವನು ನಿನ್ನ ಹತ್ತಿರ ಬಂದಿದಾನೆ. ಅಲ್ಲಿ ಅವನ ತಲೆ ತಗ್ಗದಂತೆ ನೋಡ್ಕೋ. ನನ್ನ ವಿಚಾರ ಆಮೇಲಿರಲಿ. ಅವನಿಗೆ ಶಾಂತಿ ಕೊಡು."