ನಯನಾಳಿಗೆ ಓಂ ಶಾಂತಿ

೧
ಹೇಗೆ ಶುರು ಮಾಡಲಿ? ‘ನಯನಾ ಲಿಂಗೈಕ್ಯಳಾದಳು’ ಎಂದರೆ ನೀವು ನೆಟ್ಟಗೆ ಕೂರುತ್ತೀರಿ. ಆದರೆ ಹುಡುಗಿ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದಾಳೆ. (ಅಳಿಸಿದೆ.)

೨
ಸರಿ, ಹೀಗೆ. ಪಿಯುಸಿ ಓದುವ ನಯನಾ ಸೆಮಿನಾರಿನಲ್ಲಿ ಸಹಪಾಠಿ ಅಂಜನ್ ಕುಮಾರನ ಇಂಗ್ಲಿಷಿಗೆ ನಕ್ಕಳು. ಸಂಜೆಯೊಳಗೆ ಅವಳ ಫೋಟೊಗೆ ಹಾರ ಹಾಕಿ, ಎರಡು ದೀಪ ಹಚ್ಚಿ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದು ಅವನು ಕ್ಲಾಸಿನ ಗ್ರೂಪಿಗೆ ಬಿಟ್ಟ. ಎಲ್ಲ ಆ್ಯಪಿನ ಕೃಪೆ.

“ಜೋಕ್ ಕಣೇ,” ಎಂದು ನಯನಾಳ ಸಿಟ್ಟಿನ ಮೆಸೇಜಿಗೆ ಉತ್ತರ ಬರೆದಳು ಗೆಳತಿ ಅಂಬಿಕಾ, “ಸತ್ತೋರು ಮೆಸೇಜ್ ಮಾಡಬಾರ್ದು.”

ಮರುದಿನ ಹಾಜರಿಯಲ್ಲಿ ನಯನಾ “ಪ್ರೆಸೆಂಟ್ ಸರ್” ಎಂದಾಗ ಹಿಂದಿನ ಬೆಂಚು ಹೇಳಿತು: “ಸರ್, ಏನೋ ಸದ್ದಾತು ನೋಡ್ರಿ.”

೩
ಯಾರೋ ಫಾರ್ವರ್ಡ್ ಮಾಡಿದರು. ಚಿತ್ರ ಹರಿಹರ ಸುತ್ತಿ ಬಂಧುಗಳ ಗ್ರೂಪಿಗೆ ಬಂತು. ನಮ್ಮಲ್ಲಿ ಇಂಥದ್ದನ್ನು ಯಾರೂ ನೋಡುವುದಿಲ್ಲ. ಹಾರ ಕಂಡರೆ ಹೆಬ್ಬೆರಳು ತಾನೇ ‘ಓಂ ಶಾಂತಿ’ ಒತ್ತುತ್ತದೆ. ‘ನಾನು ಬದುಕಿದೀನಿ’ ಎಂದು ನಯನಾ ಬರೆದಳು. ಅದರ ಕೆಳಗೂ ಓಂ ಶಾಂತಿ. ಆಮೇಲೆ ಅಂಗಡಿಯಲ್ಲಿದ್ದ ಅಪ್ಪ ಬಸವಪ್ರಭು ಅವರದ್ದು: ಓಂ ಶಾಂತಿ, ಕೈಮುಗಿದ ಚಿತ್ರದ ಸಮೇತ.

ಅವಳು ಕನ್ನಡಿಯ ಕಡೆ ಹೋಗಲಿಲ್ಲ.

ಅಮ್ಮನ ಕೀಪ್ಯಾಡ್ ಮೊಬೈಲು ಬಡಿದುಕೊಂಡಿತು. ಹರಿಹರದ ದೊಡ್ಡಮ್ಮ, ಅಕ್ಕನಾಗಮ್ಮ. ನಯನಾ ಎತ್ತಿದಳು.

“ಮಣ್ಣು ಎಷ್ಟೊತ್ತಿಗವ್ವಾ? ಬಸ್ಸಿಗೆ ನಿಂತೀನಿ.”

“ದೊಡ್ಡಮ್ಮ, ನಾನು ನಯನಾ!”

ಆ ಕಡೆ ಬಿಕ್ಕು. “ನಂಗೂ ಹಂಗೇ ಅನ್ನಸ್ತೈತವ್ವಾ. ಅದರ ದನಿ ಕಿವಿಯಾಗೇ ಐತೆ.”

೪
ಇಲ್ಲಿಂದ ಕತೆ ಅವಳನ್ನು ಕೊಂಡಜ್ಜಿ ಕೆರೆಯ ಕಡೆ ಕಳಿಸಬೇಕು. ಬರೆದೂ ಇದ್ದೆ, ಚೆನ್ನಾಗಿಯೇ ಬಂದಿತ್ತು, ಅದೇ ಹೆದರಿಕೆ. ನಯನಾ ಪುಟದಿಂದ ತಲೆಯೆತ್ತಿದಳು.

“ನೀವೂ ಹಾರ ತಂದೀರೇನ್ರಿ? ಅಂಜನ್‌ಗಿಂತ ನೀಟಾಗಿ ಮಾಡ್ತೀರಿ ಬಿಡ್ರಿ.”

“ಕತೆಗೊಂದು ಮುಕ್ತಾಯ ಬೇಕಲ್ಲಮ್ಮ?”

“ಅದಕ್ಕ ನಾನೇ ಬೇಕೇನ್ರಿ?”

ಅಂಜನ್ ಅತ್ತು ಕ್ಷಮೆ ಕೇಳುವ ಇನ್ನೊಂದು ಮುಕ್ತಾಯ ತೋರಿಸಿದೆ.

“ಸೀರಿಯಲ್‌ನೋರಿಗೆ ಕೊಡ್ರಿ ಅದನ್ನ. ಕೆರೆನೂ ಬ್ಯಾಡ. ನಾನು ಅಪ್ಪಾಜಿ ಹತ್ರ ಹೋಗ್ತೀನಿ.”

(ನಾನು ಕಳಿಸಲಿಲ್ಲ. ಅವಳೇ ಹೋದಳು.)

೬
(ಐದನ್ನು ಹರಿದೆ. ಅದರಲ್ಲಿ ಅವಳಿರಲಿಲ್ಲ.)

ಬಸವಪ್ರಭು ಊಟಕ್ಕೆ ಕೂತಿದ್ದಾರೆ. ಅವಳು ಎದುರು ಕೂತು, ಮೊಬೈಲನ್ನು ತಟ್ಟೆಯ ಪಕ್ಕಕ್ಕೆ ತಳ್ಳಿದಳು.

“ಅಪ್ಪಾಜಿ, ಇದು ಯಾರು ಹೇಳ್ರಿ.”

ಅನ್ನ ಕಲಸುತ್ತಲೇ ಅವರು ಬಗ್ಗಿದರು. “ಅಯ್ಯೋ ಪಾಪ, ಸಣ್ಣ ಹುಡುಗಿ. ಯಾರ ಮನೇದೋ.”

“ಅದನ್ನ ನೋಡಬ್ಯಾಡ್ರಿ. ನನ್ನ ನೋಡ್ರಿ.”

ಅವರು ತಲೆ ಎತ್ತುತ್ತಿದ್ದಾರೆ. ಎದುರಿನ ಕುರ್ಚಿಯಲ್ಲಿ ಅವರಿಗೆ ಏನು ಕಾಣುತ್ತದೋ ನನಗೆ ಗೊತ್ತಿಲ್ಲ; ಗೊತ್ತಾಗುವವರೆಗೆ ಬರೆಯುವುದೂ ಇಲ್ಲ. ಓದುಗರೇ, ಅಲ್ಲಿಯತನಕ ನೀವಂತೂ ಕಣ್ಣು ಕದಲಿಸಬೇಡಿ.