ಕೇಳದೆ ಹೋದ ಕೂಗು

ನಾನು ಹಿತ್ತಾಳೆಯ ಒಂದು ತೆಳುವಾದ ಬಿಲ್ಲೆ. ನನ್ನ ಬೆನ್ನಿಗೆ ಬಿಳಿ ಪಿಂಗಾಣಿಯ ಪದರವೊಂದನ್ನು ಅಂಟಿಸಿದ್ದಾರೆ. ಅಂಗಡಿಯವರು ನನ್ನನ್ನು ಪೀಜೋ ಎನ್ನುತ್ತಾರೆ. ಹುಟ್ಟಿದ ಕಾರ್ಖಾನೆಯ ಹೆಸರು ತಿಳಿಯದು. ಕುಲುಮೆಯ ಕಾವು ಮಾತ್ರ ನೆನಪಿದೆ. ನನ್ನಂಥ ನೂರು ಬಿಲ್ಲೆಗಳ ಜೊತೆ ಪೊಟ್ಟಣದಲ್ಲಿ ಹಾವೇರಿಗೆ ಬಂದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಿಕ್ಸರ್, ರೇಡಿಯೊ ರಿಪೇರಿ ಮಾಡುವ ಶಮೀಮಕ್ಕ ನನ್ನನ್ನು ಆರಿಸಿಕೊಂಡಳು.

ನನಗೆ ಸ್ವಂತ ದನಿಯಿಲ್ಲ. ಬ್ಯಾಟರಿಯನ್ನು ಸುಮ್ಮನೆ ಜೋಡಿಸಿದರೆ ಟಕ್ಕೆಂದು ಒಮ್ಮೆ ಬಾಗಿ ಹಾಗೇ ನಿಂತುಬಿಡುತ್ತೇನೆ. ವಿದ್ಯುತ್ತು ಏರಿ ಇಳಿದರೆ ನಾನೂ ಬಾಗಿ ಏಳುತ್ತೇನೆ, ಗಾಳಿಯನ್ನು ದೂಡುತ್ತೇನೆ. ನನ್ನ ಮೈಗೆ ಒಗ್ಗಿದ ಒಂದು ವೇಗವಿದೆ, ಸೆಕೆಂಡಿಗೆ ಮೂರು ಸಾವಿರ ಸಲದ ಆಸುಪಾಸು. ಆ ವೇಗದಲ್ಲಿ ತಳ್ಳಿದರೆ ಸಣ್ಣ ನೂಕಿಗೂ ದೊಡ್ಡ ದನಿ ಹೊರಡುತ್ತದೆ. ಆದರೂ ಹನ್ನೆರಡು ವೋಲ್ಟಿನಲ್ಲಿ ನಾನು ಕುಂಯ್‌ಗುಟ್ಟುತ್ತೇನಷ್ಟೆ. ಅದಕ್ಕೇ ಶಮೀಮಕ್ಕ ಒಂದು ಟ್ರಾನ್ಸಿಸ್ಟರನ್ನೂ ತಂತಿಯ ಪುಟ್ಟ ಸುರುಳಿಯನ್ನೂ ಕೂರಿಸಿದಳು. ಟ್ರಾನ್ಸಿಸ್ಟರು ದಾರಿ ಬಿಟ್ಟಾಗ ಸುರುಳಿಯಲ್ಲಿ ಕರೆಂಟು ತುಂಬುತ್ತದೆ. ಥಟ್ಟನೆ ದಾರಿ ಕಟ್ಟಿದರೆ ಹರಿವನ್ನು ನಿಲ್ಲಿಸಲೊಲ್ಲದ ಸುರುಳಿ ಹಲವು ಪಟ್ಟು ವೋಲ್ಟೇಜನ್ನು ನನ್ನ ಮೇಲೆ ಎಸೆಯುತ್ತದೆ. ಆ ಪೆಟ್ಟಿಗೆ ನಾನು ಕಿರುಚುತ್ತೇನೆ. ನನ್ನಲ್ಲಿ ಉಳಿದ ವಿದ್ಯುತ್ತು ಮುಂದಿನ ಪೆಟ್ಟಿನೊಳಗೆ ಇಳಿದುಹೋಗಲೆಂದು ಪಕ್ಕದಲ್ಲಿ ಒಂದು ರೆಸಿಸ್ಟರನ್ನೂ ಬೆಸೆದಳು. ಮೊದಲ ಕೂಗಿಗೆ ಓಣಿಯ ಕಿಟಕಿಗಳೆಲ್ಲ ತೆರೆದವು.

ಆಮೇಲೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಹೋದೆ. ಅಲ್ಲಿ ಮೆಣಸಿನಕಾಯಿ ಚೀಲಗಳನ್ನು ತಂಪಾಗಿಡಲು ಅಮೋನಿಯಾ ಅನಿಲ ಕೊಳವೆಗಳಲ್ಲಿ ಓಡುತ್ತಿತ್ತು. ಅದು ಸೋರಿದ್ದನ್ನು ಗೋಡೆಯ ಸೆನ್ಸರು ಪತ್ತೆಹಚ್ಚಿದೊಡನೆ ಕೂಗುವುದು ನನ್ನ ಕೆಲಸ. ನನ್ನನ್ನು ಯಂತ್ರದ ಕೋಣೆಯ ಬಾಗಿಲ ಮೇಲೆ ಕಟ್ಟಿದರು. ಕೆಳಗೆ ಇಪ್ಪತ್ತಾರು ವರ್ಷಗಳಿಂದ ಕಂಪ್ರೆಸರುಗಳ ಗದ್ದಲದಲ್ಲೇ ದುಡಿದ ಆಪರೇಟರ್ ಚನ್ನವೀರಪ್ಪ. ಹೊರಗೆ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು.

ಪ್ರತಿ ಸೋಮವಾರ ಚನ್ನವೀರಪ್ಪ ಗುಂಡಿಯೊತ್ತಿ ನನ್ನನ್ನು ಪರೀಕ್ಷಿಸುತ್ತಿದ್ದ. ಆದರೆ ನನ್ನತ್ತ ನೋಡುತ್ತಿರಲಿಲ್ಲ. ಅಂಗಳದ ಹೆಂಗಸರು ಕಿವಿ ಮುಚ್ಚಿಕೊಂಡರೇ ಎಂದು ನೋಡಿ, ಪುಸ್ತಕದಲ್ಲಿ ‘ಸರಿ’ ಎಂದು ಬರೆಯುತ್ತಿದ್ದ.

ಒಂದು ಮಧ್ಯಾಹ್ನ ಯಂತ್ರದ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಅಮೋನಿಯಾದ ಕೊಳವೆ ಬಿರಿಯಿತು. ನಾನು ಮೈಯೆಲ್ಲ ನಡುಗಿಸಿ ಕೂಗಿದೆ. ಹೆಂಗಸರು ಗೇಟಿನತ್ತ ಓಡಿದರು. ಮುಖ್ಯ ವಾಲ್ವು ಮುಚ್ಚಬೇಕಾದ ಚನ್ನವೀರಪ್ಪ ಮಾತ್ರ ನನ್ನ ಕೆಳಗೇ, ಬಾಗಿಲಿಗೆ ಬೆನ್ನು ಹಾಕಿ, ಯಂತ್ರ ಒರೆಸುತ್ತಿದ್ದ. ಅಲ್ಲಿನ ನಿತ್ಯದ ಘಾಟಿಗೆ ಆತನ ಮೂಗು ಒಗ್ಗಿಹೋಗಿತ್ತು. ನಾನು ಕೂಗುತ್ತಲೇ ಇದ್ದೆ. ಅನಿಲ ಪಡಸಾಲೆಯಲ್ಲಿ ಬೆಳ್ಳಗೆ ತುಂಬತೊಡಗಿತು. ಗೇಟು ತಲುಪಿದ್ದ ನೀಲವ್ವ ಎಂಬಾಕೆ ತಿರುಗಿ ನೋಡಿದಳು; ಚನ್ನವೀರಪ್ಪ ಹೊರಬಂದಿರಲಿಲ್ಲ. ಸೆರಗನ್ನು ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿ, ಆ ಹೊಗೆಯೊಳಗೆ ನುಗ್ಗಿ ಬಂದು ಆತನ ತೋಳು ಎಳೆದಳು. ಆಗ ಆತ ವಾಲ್ವು ಮುಚ್ಚಿದ. ಅನಿಲ ತಾಕಿ ನೀಲವ್ವನ ಎಡಗಣ್ಣಿನ ಬೆಳಕು ಹೋಯಿತು.

ಮೂರನೆಯ ದಿನ ಮಾಲೀಕ ಗುರುಶಾಂತಪ್ಪ ಎಲ್ಲರನ್ನೂ, ಹಾವೇರಿಯಿಂದ ಶಮೀಮಕ್ಕನನ್ನೂ, ಯಂತ್ರದ ಕೋಣೆಗೆ ಕರೆಸಿದ.

“ಸೈರನ್ ಹೊಡೀಲೇ ಇಲ್ಲರಿ ಸಾವ್ಕಾರ್ರ,” ಎಂದ ಚನ್ನವೀರಪ್ಪ.

“ಹೊಡೀತರಿ, ನಾವೆಲ್ಲ ಕೇಳಿವಿ,” ಎಂದರು ಹೆಂಗಸರು. ಅವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮಾಲೀಕ ಶಮೀಮಕ್ಕನತ್ತ ತಿರುಗಿದ.

“ಏನ್ ಶಮೀಮಕ್ಕ, ನಿನ್ನ ಸಾಮಾನು ಒಂದು ಹೆಣ್ಣಮಗಳ ಕಣ್ಣು ಕಳೀತಲ್ಲ?”

ಶಮೀಮಕ್ಕ ಏಣಿ ಹತ್ತಿ ತಂತಿ, ಬೆಸುಗೆ ಎಲ್ಲ ನೋಡಿದಳು. ಗುಂಡಿಯೊತ್ತಿದಳು. ಎಲ್ಲರೂ ಕಿವಿ ಮುಚ್ಚಿಕೊಂಡರು. ಚನ್ನವೀರಪ್ಪನ ಕೈಗಳು ಜೋತುಬಿದ್ದೇ ಇದ್ದವು. ಅದನ್ನು ಕಂಡು ಆಕೆ ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಆತನಿಗೆ ಕಾಣದಂತೆ ನನ್ನ ತಂತಿ ಕಿತ್ತಿಟ್ಟು, ಗುಂಡಿಯ ಮೇಲೆ ಬೆರಳಿಟ್ಟಳು.

“ಈಗ ಹೊಡ್ಯಾಕತ್ತೈತೇನ್ರಿ ಅಣ್ಣಾರ?”

ಆತ ಬಾಗಿಲತ್ತ ನೋಡಿದ. ನೋಡಲು ಅಲ್ಲಿ ಯಾರೂ ಇರಲಿಲ್ಲ. “ಹೂಂ, ಈಗ ಹೊಡ್ಯಾಕತ್ತೈತಿ,” ಎಂದ.

ನಾನು ಮೌನವಾಗಿದ್ದೆ. ಶಮೀಮಕ್ಕ ಕಿತ್ತ ತಂತಿಯನ್ನು ಎತ್ತಿ ತೋರಿಸಿದಳು. ಚನ್ನವೀರಪ್ಪ ಸ್ಟೂಲಿನ ಮೇಲೆ ಕುಸಿದ. “ಮಾತು ಕೇಳತಾವವಾ. ಈ ಕೀರಲು ದನಿ ಎರಡು ವರ್ಷದಿಂದ ಕೇಳಂಗಿಲ್ಲ. ಹೇಳಿದ್ರ ಕೆಲಸ ಹೋಗತೈತಿ ಅಂತ...”

ಆಕೆ ಬೈಯಲಿಲ್ಲ. ಆತನೇ ಎದ್ದು ಬಾಗಿಲು ತೆರೆದು ಅಂಗಳದಲ್ಲಿ ನಿಂತು ಹೇಳಿದ: “ತಪ್ಪು ಈಕಿದಲ್ಲರಿ ಸಾವ್ಕಾರ್ರ. ನನ್ನ ಕಿವಿ ಹೋಗ್ಯಾವ. ಮುಚ್ಚಿಟ್ಟಿದ್ದೆ.”

ಆತನಿಗೆ ಯಂತ್ರದ ಕೆಲಸ ತಪ್ಪಿತು. ನನ್ನ ಜಾಗಕ್ಕೆ ಗಡಸು ದನಿಯ ದೊಡ್ಡ ಹಾರ್ನೂ ಮಿನುಗುವ ಕೆಂಪು ದೀಪವೂ ಬಂದವು. ನಾನು ಶಮೀಮಕ್ಕನ ಮೇಜಿನ ಮೂಲೆಯ ಡಬ್ಬಿ ಸೇರಿದೆ. ನನ್ನ ಪಿಂಗಾಣಿಯಲ್ಲಿ ಈಗ ಕೂದಲೆಳೆಯಷ್ಟು ಬಿರುಕಿದೆ.

ಕಳೆದ ವಾರ ಚನ್ನವೀರಪ್ಪ ಅಂಗಡಿಗೆ ಬಂದಿದ್ದ. ನನ್ನನ್ನು ಒಮ್ಮೆ ನುಡಿಸು ಎಂದು ಕೇಳಿದ. ಶಮೀಮಕ್ಕ ತಂತಿ ಜೋಡಿಸಿ ಆತನ ಕಿವಿಯ ಬಳಿ ಹಿಡಿದಳು. ಒಡಕು ದನಿಯಲ್ಲಿ ನಾನು ಕೂಗಿದೆ. ಆತ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದ. ಆಕೆ ತಂತಿ ತೆಗೆದು, ಏನಾದರೂ ಕೇಳಿಸಿತೇ ಎಂದಳು.

“ಇಲ್ಲವಾ,” ಎಂದ. “ನೀಲವ್ವಗ ಕೇಳಿತ್ತು.”

ಅವಳೊಬ್ಬಳಿಗೇ ಅಲ್ಲ, ಆ ದಿನ ಗೇಟಿನತ್ತ ಓಡಿದ ಎಲ್ಲರಿಗೂ ಕೇಳಿತ್ತು. ಓಡಿರೆಂದು ಕೂಗುವುದನ್ನಷ್ಟೇ ನಾನು ಬಲ್ಲೆ. ತಿರುಗಿ ಬರಬೇಕೆಂದು ಅವಳಿಗೆ ಯಾರೂ ಕೂಗಿ ಹೇಳಿರಲಿಲ್ಲ.