ಮೂರನೆಯ ಕೂಗು

೧

ಹೇಗೆ ಶುರು ಮಾಡಲಿ? ಮೊದಲು ಬರೆದದ್ದು ಹೀಗಿತ್ತು: "೧೯೫೬ರ ಒಂದು ಬೆಳಗ್ಗೆ, ಇಂಗ್ಲಿಷ್ ಮೇಷ್ಟ್ರು ಶಿವರುದ್ರಸ್ವಾಮಿಗಳು ಇಸ್ತ್ರಿ ಮಾಡಿದ ಕೋಟು ತೊಟ್ಟು, ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದರು." ಹರಿದು ಹಾಕಿದೆ. ಇವನಿಂದ ಶುರುವಾದರೆ ಇವನೇ ಹೀರೋ ಆಗಿಬಿಡುತ್ತಾನೆ. ನನಗೆ ಇವನ ಮೇಲೆ ಕೆಂಡದಂಥ ಸಿಟ್ಟಿದೆ. ಬಸ್ಸಿನಲ್ಲಿ ನಾನು ಇವನಿಗೆ ಸೀಟು ಕೂಡ ಕೊಡಲಿಲ್ಲ, ನಿಂತುಕೊಂಡೇ ಬಂದ.

(ಮೇಷ್ಟ್ರಿಗೆ ಏಕವಚನವೇ ಅಂತ ಹುಬ್ಬೇರಿಸಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನೀವು ಬಹುವಚನ ಸೇರಿಸಿಕೊಳ್ಳಿ.)

೨

ಸರಿ, ಅಮೆರಿಕದಿಂದ ಶುರು ಮಾಡೋಣ.

ಗುಂಡ್ಲುಪೇಟೆಯ ಒಂದು ಹೈಸ್ಕೂಲು. (ನಾನೇ ಕಟ್ಟಿದ್ದು, ಹುಡುಕಿಕೊಂಡು ಹೋಗಬೇಡಿ.) ಎಸ್ಸೆಸ್ಸೆಲ್ಸಿ ಮಕ್ಕಳ ಕೈಗೆ ಅಮೆರಿಕದ ಹಳೆಯ ಸಣ್ಣಕಥೆಗಳ ಪುಸ್ತಕ ಬಂತು. ಅದರಲ್ಲೊಂದು ಕಥೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಓದಿದ್ದೇವೆ ಅಂತ ಸುಳ್ಳು ಹೇಳುತ್ತೀರಿ.

ಹಿಮ ಸುರಿಯುವ ರಾತ್ರಿ. ಒಂಟಿ ಮನೆ, ಒಂಟಿ ಹೆಂಗಸು. ಹೊರಗಿನಿಂದ ಯಾರೋ ಅವಳ ಹೆಸರು ಹಿಡಿದು ಒಂದೇ ಒಂದು ಸಲ ಕೂಗುತ್ತಾರೆ. ಅವಳು ಬಾಗಿಲು ತೆಗೆಯುವುದಿಲ್ಲ. ಬೆಳಗ್ಗೆ ನೋಡಿದರೆ ಹೊಸ್ತಿಲ ಮೇಲೆ ಅವಳ ತಮ್ಮ ಸೆಟೆದು ಸತ್ತಿದ್ದಾನೆ. ಕಥೆ ಮುಗಿಯಿತು.

"ಹಿಮ ಅಂದ್ರೆ ನಮ್ ಗೋಪಾಲಸ್ವಾಮಿ ಬೆಟ್ಟದ ಮಂಜಲ್ವಾ ಸಾ? ಅದ್ರಲ್ಲಿ ಯಾರೂ ಸತ್ತಿಲ್ವಲ್ಲ!" ಅಂದ ನಾಗಯ್ಯ ಎಂಬ ಹುಡುಗ.

"ಕುಕ್ಕರಿಸು!" ಎಂದ ಮೇಷ್ಟ್ರು, ಬೋರ್ಡಿನ ಮೇಲೆ ಪ್ರಶ್ನೆ ಬರೆದ: ಈ ಹೆಂಗಸಿನ ಕ್ರೌರ್ಯವನ್ನು ಚರ್ಚಿಸಿ.

ನೋಡಿ, ನನ್ನ ಪಿತ್ತ ನೆತ್ತಿಗೇರುವುದು ಇಲ್ಲೇ. ಕ್ರೂರಿ ಅಂತ ಮೊದಲೇ ತೀರ್ಪು ಕೊಟ್ಟಮೇಲೆ ಚರ್ಚಿಸುವುದೇನು, ಮಣ್ಣು? ಆದರೂ ಇಡೀ ಕ್ಲಾಸು ಚರ್ಚಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಎಲ್ಲರೂ ಕ್ರೂರಿ, ಕ್ರೂರಿ ಅಂತ ಬರೆದುಕೊಟ್ಟರು.

೩

ಒಬ್ಬಳನ್ನು ಬಿಟ್ಟು. ಭೀಮನಬೀಡಿನ ರೈತ ಮರಿಮಲ್ಲಪ್ಪನ ಮಗಳು, ಪುಟ್ಟಮಲ್ಲಮ್ಮ. ಅವಳು ಬರೆದದ್ದು:

"ಅವಳು ಕ್ರೂರಿಯಲ್ಲ. ರಾತ್ರಿ ಹೊತ್ತು ಒಂದು ಸಲ ಕೂಗಿದರೆ ಓಗೊಡಬಾರದು. ಪೀಡೆ ಒಂದೇ ಸಲ ಕೂಗುತ್ತದೆ. ಮೂರು ಸಲ ಕೂಗುವುದು ಮನುಷ್ಯರು ಮಾತ್ರ. ಅವಳು ಎರಡನೆಯ ಕೂಗಿಗೆ, ಮೂರನೆಯ ಕೂಗಿಗೆ ಕಾಯುತ್ತ ಬೆಳಗಾಗುವವರೆಗೂ ಬಾಗಿಲ ಹಿಂದೆಯೇ ನಿಂತಿದ್ದಳು. ಕಥೆಯಲ್ಲಿ ಇದು ಇಲ್ಲ. ಯಾಕೆಂದರೆ ಕಥೆ ಬರೆದವನು ಬಾಗಿಲ ಹೊರಗೆ ನಿಂತು ಬರೆದಿದ್ದಾನೆ."

(ಬರೆದದ್ದು ಇಂಗ್ಲಿಷಿನಲ್ಲಿ, ರಾಶಿ ತಪ್ಪುಗಳೊಂದಿಗೆ. ಆ ತಪ್ಪುಗಳನ್ನು ಕನ್ನಡಕ್ಕೆ ತರುವ ಯೋಗ್ಯತೆ ನನಗಿಲ್ಲ. ಕೊನೆಯ ವಾಕ್ಯ ನನಗೆ ಹೊಳೆದಿದ್ದರೆ ನಾನು ಇಷ್ಟು ಹೊತ್ತಿಗೆ ದೊಡ್ಡ ಲೇಖಕನಾಗಿರುತ್ತಿದ್ದೆ.)

೪

ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ರಾಗವಾಗಿ ಓದಿದ. "ಅಮೆರಿಕದಲ್ಲೂ ಪೀಡೆ ಇದೆಯಂತೆ! ಯಾಕಮ್ಮಾ, ಅದಕ್ಕೂ ಇಂಗ್ಲಿಷ್ ಬರುತ್ತೋ?"

ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ನಗಿಸಿದ್ದು ನಾನೇ, ನಿಲ್ಲಿಸಲು ನನ್ನಿಂದಲೇ ಆಗಲಿಲ್ಲ. ಪುಟ್ಟಮಲ್ಲಮ್ಮ ಎದ್ದು ನಿಂತಳು.

"ಸಾ, ನೀವು ಪುಣಜನೂರವ್ರಲ್ವಾ? ಕಾಡಂಚ್ನೂರು. ನಿಮ್ಮವ್ವ ಒಂದ್ ಕೂಗ್ಗೇ ಬಾಗ್ಲು ತಗೀತಿದ್ರಾ?"

ಈ ಮನುಷ್ಯ ಮೈಸೂರಿಗೆ ಹೋಗಿ, ಬಿ.ಎ. ಮಾಡಿ, ನಾಲಿಗೆ ಉಜ್ಜಿ ಉಜ್ಜಿ ಹಕಾರ ಕಲಿತವನು. ಹುಡುಗರು 'ಓಗು' ಅಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು. ಹುಟ್ಟುಗುಣ ಸುಟ್ಟರೂ ಹೋಗದು.

"ಏಯ್! ಓಗು! ಒರಕ್ಕೋಗು!"

ಈ ಸಲ ಕ್ಲಾಸು ನಕ್ಕಿದ್ದು ಅವನನ್ನು ನೋಡಿ. ಅವನ ಮುಖ ಕಪ್ಪಿಟ್ಟಿತು. ಆಗ ಹೇಳಿದ ಮಾತು: "ಮೌಢ್ಯ ಬರೆದೆ, ತಪ್ಪಾಯಿತು ಅಂತ ಎಲ್ಲರ ಮುಂದೆ ಹೇಳು. ಇಲ್ಲವಾದರೆ ಪಬ್ಲಿಕ್ ಪರೀಕ್ಷೆಗೆ ನಿನ್ನ ಹೆಸರು ಕಳಿಸುವುದಿಲ್ಲ."

ಅವಳ ಮನೆಯಲ್ಲಿ ಓದಿಗೆ ಇದೇ ಕೊನೆಯ ವರ್ಷ. ಪಾಸಾದರೆ ಟೀಚರ್ ಟ್ರೈನಿಂಗು, ಇಲ್ಲದಿದ್ದರೆ ಎಮ್ಮೆ ಹಿಂದೆ ಹೊಲ. ಅದು ಅವನಿಗೂ ಗೊತ್ತಿತ್ತು. ಥೂ!

೫

ಮುಕ್ತಾಯ ಒಂದು: ಇನ್ಸ್‌ಪೆಕ್ಟರು ಬರುತ್ತಾರೆ, ಪ್ರಬಂಧ ಓದಿ ಬೆರಗಾಗುತ್ತಾರೆ...

"ಯಾಕ್ ಸಾ, ನನ್ ಉದ್ಧಾರಕ್ಕೆ ಕೋಟಾಕಂಡು ಇನ್ನೊಬ್ಬ ಬರ್ಬೇಕಾ?" ಪುಟ್ಟಮಲ್ಲಮ್ಮ ನನ್ನ ಟೇಬಲ್ಲಿನ ಪಕ್ಕವೇ ನಿಂತಿದ್ದಾಳೆ. "ಒಡ್ದಾಕಿ ಅದ." ಕಾಟು ಹೊಡೆದೆ.

ಮುಕ್ತಾಯ ಎರಡು: ಮರಿಮಲ್ಲಪ್ಪ ಸ್ಕೂಲಿಗೆ ಬಂದು ಮಗಳನ್ನು ಬೇವಿನ ಮರದಡಿ ನಿಲ್ಲಿಸಿಕೊಂಡು ಬೇಡುತ್ತಾನೆ.

"ತಪ್ಪಾಯ್ತು ಅಂದ್ಬುಡು ಕೂಸೇ. ಬಾಯ್ಮಾತ್ಗೆ ಯಾನ್ ಕಾಸಾ?"

"ಅಂಗಂದ್ರೆ ಅವ್ಳು ಬಾಗ್ಲಿಂದೆ ನಿಂತಿದ್ದೇ ಸುಳ್ಳಾಯ್ತದೆ ಕಣಪ್ಪ."

"ಯಾರವ್ವಾ ಅವ್ಳು?"

"ಅಮೆರಿಕದವ್ಳು."

"ಅವ್ಳು ನಮ್ಗೆ ಯಾನಾಗ್ಬೇಕು?"

ಅವಳು ಪುಸ್ತಕದ ಚೀಲ ಎತ್ತಿಕೊಂಡಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಹೆಗಲ ಮೇಲೆ ಹಾಕಿಕೊಂಡ. "ನಡಿ ಮತ್ತೆ, ಊರ್ಗೋಗನ," ಅಂದ.

ಈ ಮುಕ್ತಾಯವನ್ನು ಅವಳು ಹೊಡೆದು ಹಾಕಿ ಅನ್ನಲಿಲ್ಲ.

೬

ಹಾಗಾಗಿ ಇಬ್ಬರೂ ಗೇಟು ದಾಟುತ್ತಿದ್ದಾರೆ. ಪರೀಕ್ಷೆಗೆ ಹೆಸರು ಕಳಿಸಲು ಇವತ್ತೇ ಕಡೆಯ ದಿನ. ಮೇಷ್ಟ್ರು ಸ್ಟಾಫ್ ರೂಮಿನಿಂದ ಜಗಲಿಗೆ ಬಂದ. ಅವನನ್ನು ನಾನು ಕರೆದಿಲ್ಲ, ಅವನಾಗಿಯೇ ಬಂದ.

"ಪುಟ್ಟಮಲ್ಲಮ್ಮ!"

ಒಂದು. ಅವಳು ತಿರುಗಲಿಲ್ಲ, ನಿಂತಳು.

"ಯಾಕ್ಲಾ ಕೂಗ್ತಾವ್ನೆ?" ಅಂತ ಕಿಟಕಿಯಲ್ಲಿ ಹುಡುಗರ ಪಿಸಪಿಸ. ಪರೀಕ್ಷೆಗೆ ಕೂರಿಸಲೋ, ತಪ್ಪಾಯಿತು ಅನ್ನಿಸಲೋ? ನನಗೂ ಗೊತ್ತಿಲ್ಲ. ನಾನು ಬರೆಯುತ್ತಿರುವವನು, ಅವನ ಹೊಟ್ಟೆಯೊಳಗೆ ಕೂತವನಲ್ಲ.

"ಪುಟ್ಟಮಲ್ಲಮ್ಮಾ!"

ಎರಡು. ಈ ಸಲ ದನಿ ಸ್ವಲ್ಪ ಒಡೆದಿತ್ತು.

"ಬರ್ದ್‌ಬುಡಿ ಸಾ ಮೂರ್ನೇದ," ಅನ್ನುತ್ತಿದ್ದಾನೆ ನಾಗಯ್ಯ. ನೀವೂ ಅದನ್ನೇ ಅನ್ನುತ್ತಿದ್ದೀರಿ, ನನಗೆ ಕೇಳಿಸುತ್ತಿದೆ. ಆಗುವುದಿಲ್ಲ. ಮೂರನೆಯದನ್ನು ನಾನು ಬರೆದರೆ ಈ ಮನುಷ್ಯ ಪುಕ್ಕಟೆಯಾಗಿ ಮನುಷ್ಯನಾಗಿಬಿಡುತ್ತಾನೆ. ಕೂಗಬೇಕಾದರೆ ಅವನೇ ಕೂಗಲಿ, ಅವನ ಗಂಟಲಲ್ಲಿ, ಪುಣಜನೂರಿನ ನಾಲಿಗೆಯಲ್ಲಿ. ನಾನು ಪೆನ್ನಿನ ಟೊಪ್ಪಿ ಹಾಕಿದೆ.

ಇಲ್ಲ, ಮತ್ತೆ ತೆಗೆದೆ. ಇನ್ನೊಂದು ಮಾತು ಬರೆಯದೆ ಬಿಟ್ಟರೆ ನಾನೂ ಆ ಅಮೆರಿಕದವನ ಥರ ಹೊರಗೆ ನಿಂತವನಾಗುತ್ತೇನೆ.

ಅವಳು ಹೋಗಿಲ್ಲ. ಅಪ್ಪ ಕೈ ಹಿಡಿದು ಎಳೆದರೂ ಹೋಗಿಲ್ಲ. ಗೇಟಿನ ಹಿಂದೆ, ಕಂಬಿ ಹಿಡಿದು ನಿಂತಿದ್ದಾಳೆ.